ನಿಮಗಿದು ಗೊತ್ತೆ? ಮುಗಿಯದ ಮೊತ್ತಕ್ಕೂ ಉತ್ತರವಿದೆ
ಸೂರತ್ತಿನ ಉಧ್ನಾದಲ್ಲಿ ಉತ್ತರದ ರೈಲು ಹಿಡಿದರೆ ನರ್ಮದೆ ದಾಟುವ ಮೊದಲು ಅಂಕಲೇಶ್ವರ ಸಿಗುತ್ತದೆ. ಗಿರ್ನಾರಿನ ಗುಹೆಯಲ್ಲಿ ಧರಸೇನಾಚಾರ್ಯರಿಂದ ಪಾಠ ಕಲಿತ ಪುಷ್ಪದಂತ, ಭೂತಬಲಿ ಮುನಿಗಳು ಮಳೆಗಾಲ ಕಳೆದದ್ದು ಇಲ್ಲೇ ಎನ್ನುತ್ತದೆ ಜೈನ ಪರಂಪರೆ. ಆಮೇಲೆ ಪುಷ್ಪದಂತರು ನಮ್ಮ ಬನವಾಸಿಯತ್ತ ಹೊರಟರಂತೆ. ಇವರಿಬ್ಬರ ರಚನೆ ‘ಷಟ್ಖಂಡಾಗಮ’.

ಅದಕ್ಕೆ 9ನೇ ಶತಮಾನದ ಆರಂಭದಲ್ಲಿ ವೀರಸೇನಾಚಾರ್ಯರು ‘ಧವಳಾ’ ಟೀಕೆ ಬರೆದರು. ಕರ್ಮಸಿದ್ಧಾಂತದ ಗ್ರಂಥದಲ್ಲಿ ಗಣಿತಕ್ಕೇನು ಕೆಲಸ ಎನ್ನಬೇಡಿ. ಲೋಕದ ಆಕಾರ ಅಳೆಯುವಾಗ ಮೊನೆ ಕತ್ತರಿಸಿದ ಶಂಕುವಿನ ಘನಫಲ ಬೇಕಾಯಿತು. ವೀರಸೇನರು ಅದನ್ನು ಸೀಳಿ, ಹರಡಿ, ಉಳಿದ ತುಂಡುಗಳನ್ನು ಮತ್ತೆ ಮತ್ತೆ ಕತ್ತರಿಸುತ್ತ ಹೋದರು. ಪ್ರತಿ ಸುತ್ತಿನಲ್ಲಿ ಸಿಗುವುದು ಹಿಂದಿನದರ ಕಾಲು ಭಾಗ: 1 + 1/4 + 1/16 + 1/64… ಪದಗಳಿಗೆ ಕೊನೆಯಿಲ್ಲ, ಮೊತ್ತ ಮಾತ್ರ 4/3.

ಹೇಗೆ? ಮೊದಲ 1 ತೆಗೆದುಬಿಡಿ. ಉಳಿದದ್ದು ಇಡೀ ಮೊತ್ತದ ಕಾಲು ಭಾಗವೇ! ಅಂದರೆ ಮೊತ್ತದ ಮುಕ್ಕಾಲು ಪಾಲು 1. ಹಾಗಾಗಿ ಮೊತ್ತ 4/3. ಪರೀಕ್ಷೆಗೆ ಓದುವವರಿಗೆ ಸೂತ್ರ: ಮೊದಲ ಪದವನ್ನು, 1ರಿಂದ ಸಾಮಾನ್ಯ ಅನುಪಾತ ಕಳೆದು ಬಂದದ್ದರಿಂದ ಭಾಗಿಸಿ. ಅನುಪಾತ −1 ಮತ್ತು 1ರ ನಡುವೆ ಇರಲೇಬೇಕು. ಅದನ್ನು ಮರೆತು 1 + 2 + 4 + 8…ಕ್ಕೆ ಹಾಕಿದರೆ −1 ಎಂಬ ತಮಾಷೆಯ ಉತ್ತರ ಬರುತ್ತದೆ.

ಇದೇ ಶ್ರೇಣಿಯಿಂದ ಆರ್ಕಿಮಿಡೀಸ್ ಕ್ರಿ.ಪೂ. 3ನೇ ಶತಮಾನದಲ್ಲಿ ಪರವಲಯದಿಂದ ಸರಳರೇಖೆ ಕತ್ತರಿಸುವ ಭಾಗದ ವಿಸ್ತೀರ್ಣ ಕಂಡುಕೊಂಡಿದ್ದ. ಧವಳಾ ಉಳಿದದ್ದು ಮೂಡುಬಿದಿರೆಯ ಬಸದಿಯಲ್ಲಿ, ಕನ್ನಡ ಲಿಪಿಯ ತಾಳೆಗರಿಗಳಲ್ಲಿ; ಅದರ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ.