ವ್ಯಾಯಾಮಕ್ಕೆ ತಕ್ಕ ಶೂ, ನಿಮ್ಮ ಕಾಲಿಗೆ ತಕ್ಕ ಶೂ

ನಾಳೆಯಿಂದ ವಾಕಿಂಗ್ ಎಂದು ನಿರ್ಧರಿಸಿದ ಗೃಹಿಣಿ ಮೊದಲು ಮಾಡುವ ಕೆಲಸ ಏನು ಗೊತ್ತೇ? ಮಗ ಬಿಟ್ಟ ಹಳೇ ಶೂ ಹುಡುಕುವುದು! ಅದೂ ಸಿಗದಿದ್ದರೆ ಹವಾಯಿ ಚಪ್ಪಲಿ ಇದ್ದೇ ಇದೆ. ಮಕ್ಕಳ ಶೂಗೆ ಲೆಕ್ಕ ನೋಡದೆ ಖರ್ಚು ಮಾಡುವ ನಾವು, ನಮ್ಮ ಸರದಿ ಬಂದಾಗ 'ನನಗ್ಯಾಕ್ರೀ ಶೂ' ಅಂದುಬಿಡುತ್ತೇವೆ. ಸ್ವಲ್ಪ ದಿನದಲ್ಲೇ ಹಿಮ್ಮಡಿ ನೋವು, ಆಮೇಲೆ ವಾಕಿಂಗೇ ಬಂದ್!

ದುಬಾರಿ ಶೂ ಎಲ್ಲಕ್ಕೂ ಒಗ್ಗುತ್ತದೆ ಅಂತೇನಿಲ್ಲ. ವ್ಯಾಯಾಮದಲ್ಲಿ ಕಾಲು ಹೇಗೆ ಚಲಿಸುತ್ತದೆ ಎಂದು ನೋಡಿ ಶೂ ಆರಿಸಿ.

ನಡಿಗೆಗೆ
ನಡೆಯುವಾಗ ಮೊದಲು ಹಿಮ್ಮಡಿ ಊರಿ, ಆಮೇಲೆ ಬೆರಳಿನ ಕಡೆ ಭಾರ ಬರುತ್ತದೆ. ಹಾಗಾಗಿ ಶೂ ಬೆರಳುಗಳ ಬುಡದಲ್ಲಿ ಸಲೀಸಾಗಿ ಬಾಗಬೇಕು, ನಡುಮಧ್ಯೆ ಮಡಚಿಕೊಳ್ಳಬಾರದು. ವಿಜಯಪುರದಲ್ಲಿ ಗೋಲಗುಂಬಜ್ ಸುತ್ತಮುತ್ತಲ ರಸ್ತೆಗೆ ಸಾದಾ ವಾಕಿಂಗ್ ಶೂ ಸಾಕು. ತಿಕೋಟಾ, ಬಬಲೇಶ್ವರದ ಕಡೆ ಹೊಲದ ದಾರಿಯಲ್ಲಿ ನಡೆಯುವವರಿಗೆ ಅಡಿಯಲ್ಲಿ ಗೀರುಗಳಿರುವ ಸೋಲ್ ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಎರೆಮಣ್ಣು ಆ ಗೀರುಗಳಲ್ಲಿ ತುಂಬಿ ಕಾಲು ಜಾರುತ್ತದೆ. ಅಂಥ ದಿನ ಡಾಂಬರು ರಸ್ತೆಯೇ ವಾಸಿ.

ಓಟಕ್ಕೆ
ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು-ಮೂರು ಪಟ್ಟು ಭಾರ ಪಾದದ ಮೇಲೆ ಬೀಳುತ್ತದೆ. ಮೆತ್ತನೆಯ ಸೋಲ್‌ನ ಹಗುರ ಶೂ ಬೇಕು. ವಿಜಯಪುರದ ವೃಕ್ಷೋಥಾನ್ ಹೆರಿಟೇಜ್ ರನ್‌ನಂಥ ಓಟಕ್ಕೆ ಹೆಸರು ಕೊಟ್ಟಿದ್ದರೆ ಹೊಸ ಶೂವನ್ನು ಅಂದೇ ಹಾಕಬೇಡಿ. ಕೆಲವು ವಾರ ಮೊದಲೇ ಹಾಕಿ ರೂಢಿ ಮಾಡಿಕೊಳ್ಳಿ.

ಏರೋಬಿಕ್ಸ್, ಜುಂಬಾಗೆ
ಇಲ್ಲಿ ಕಾಲು ಅತ್ತಿತ್ತ ಓಡಾಡುತ್ತದೆ. ಎತ್ತರದ ಮೆತ್ತನೆ ಸೋಲ್‌ನ ರನ್ನಿಂಗ್ ಶೂ ಹಾಕಿದರೆ ಪಾದ ಹೊರಳಿ ಉಳುಕುವ ಭಯ. ತಗ್ಗಾದ, ಅಗಲ ತಳದ, ಪಕ್ಕಗಳು ಗಟ್ಟಿಯಾಗಿರುವ ಶೂ ಆರಿಸಿ. ಸ್ಕಿಪ್ಪಿಂಗ್ ಮಾಡುವವರಿಗೆ ಮುಂಗಾಲಿನ ಅಡಿಯಲ್ಲಿ ಮೆತ್ತೆ ಇರಲಿ.

ಉಳಿದವಕ್ಕೆ
ಶಟಲ್ ಆಡಲು ಜಾರದ ರಬ್ಬರ್ ಸೋಲ್, ಸೈಕಲ್‌ಗೆ ಬಾಗದ ಗಟ್ಟಿ ಸೋಲ್. ಯೋಗಕ್ಕೆ ಬರಿಗಾಲೇ ಚೆಂದ, ಖರ್ಚೇ ಇಲ್ಲ!

ಅಂಗಡಿಯಲ್ಲಿ ಇದು ನೆನಪಿರಲಿ
* ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಿಂತು ಕೆಲಸ ಮಾಡಿದ ಪಾದ ತುಸು ಊದಿರುತ್ತದೆ.
* ಹೆರಿಗೆಯ ನಂತರ ಪಾದದ ಅಳತೆ ಬದಲಾಗಿರಬಹುದು. ಹಳೇ ನಂಬರ್ ಹೇಳದೆ ಹೊಸದಾಗಿ ಅಳೆಸಿ.
* ಸಾಕ್ಸ್ ಹಾಕಿಕೊಂಡು, ಎರಡೂ ಕಾಲಿಗೆ ಹಾಕಿ ಅಂಗಡಿಯಲ್ಲೇ ನಡೆದು ನೋಡಿ. ಒಂದು ಪಾದ ದೊಡ್ಡದಿದ್ದರೆ ಅದರ ಅಳತೆಯೇ ಲೆಕ್ಕ.
* ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಹಿಮ್ಮಡಿ ಜಾರಬಾರದು.
* ಕಾಲುಂಗುರ ತೆಗೆಯದವರು ಅದನ್ನು ಹಾಕಿಕೊಂಡೇ ನೋಡಿ. ಮುಂಭಾಗ ಬಿಗಿಯಾದರೆ ಉಂಗುರ ಒತ್ತಿ ಪಕ್ಕದ ಬೆರಳು ಗಾಯವಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರು ಶೂ ಹಾಕುವ ಮುನ್ನ ಒಳಗೆ ಕೈಯಾಡಿಸಿ ಹರಳು ಇದೆಯೇ ನೋಡಿ, ಬಿಚ್ಚಿದ ಮೇಲೆ ಪಾದ ಪರೀಕ್ಷಿಸಿಕೊಳ್ಳಿ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಗೊತ್ತೇ ಆಗುವುದಿಲ್ಲ.

ಒದ್ದೆ ಶೂವನ್ನು ನಮ್ಮೂರ ರಣಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತದೆ. ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ರನ್ನಿಂಗ್ ಶೂ ಸುಮಾರು 500ರಿಂದ 800 ಕಿ.ಮೀ. ಬಾಳುತ್ತದೆ. ಮೇಲೆ ಹೊಸದರಂತೆ ಕಂಡರೂ ಸೋಲ್ ಒಂದು ಕಡೆ ಸವೆದಿದ್ದರೆ ಬದಲಿಸಿ.

ಇನ್ನು, ಸೀರೆ ಮೇಲೆ ಶೂ ಹಾಕಿದರೆ ಜನ ಏನಂದಾರು ಎಂಬ ಚಿಂತೆ ಬಿಡಿ. ಮನೆಮಂದಿಗಾಗಿ ಓಡಾಡುವ ಕಾಲು ನೋಯಬಾರದು, ಅಷ್ಟೇ!