ಉಯಿಲಿಲ್ಲದ ಆಸ್ತಿಯಲ್ಲಿ ಯಾರಿಗೆಷ್ಟು ಪಾಲು?

ಉಯಿಲು ಬರೆಯದೆ ತಂದೆ ತೀರಿಕೊಂಡರೆ,
ಖಾತೆ ಯಾರ ಹೆಸರಿಗಾಗುತ್ತದೋ
ಆಸ್ತಿಯೂ ಅವರದೇ ಆಗಿಬಿಡುತ್ತದೆಯೇ?

ಹಿಂದೂ ಕುಟುಂಬಗಳ ಮಟ್ಟಿಗೆ ಇದಕ್ಕೆ ಉತ್ತರ
1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿದೆ;
ಅದರಂತೆ ತಂದೆಯ ಸ್ವಯಾರ್ಜಿತ ಆಸ್ತಿ,
ಅಂದರೆ ಸ್ವಂತ ದುಡಿಮೆಯಿಂದ ಸಂಪಾದಿಸಿದ್ದು,
ಅವರ ಪತ್ನಿ, ತಾಯಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳಿಗೆ
ಸಮಪಾಲಾಗಿ ಸಲ್ಲುತ್ತದೆ.

ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಮಾತ್ರ ಉಳಿದಿದ್ದರೆ
ತಲಾ ಕಾಲು ಭಾಗ ಬರುತ್ತದೆ;
ತಂದೆಗಿಂತ ಮೊದಲೇ ತೀರಿಕೊಂಡ ಮಗನಿದ್ದರೆ,
ಅವನ ಪಾಲು ಅವನ ಹೆಂಡತಿ ಮಕ್ಕಳಿಗೆ ಸೇರುತ್ತದೆ.

ಪಿತ್ರಾರ್ಜಿತ ಆಸ್ತಿಯಲ್ಲಾದರೋ,
2005ರ ತಿದ್ದುಪಡಿಯು ಮಗಳಿಗೂ
ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿದ್ದು,
ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು
ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ;
ಮದುವೆಯ ಖರ್ಚು, ಒಡವೆಗಳ ಲೆಕ್ಕ ತೋರಿಸಿ
ಆ ಹಕ್ಕನ್ನು ಅಳಿಸಲಾಗದು.

ಗೊಂದಲವಿರುವುದು ಪೌತಿ ಖಾತೆಯಲ್ಲಿ,
ಅಂದರೆ ಪಹಣಿಯಲ್ಲಿ ಮೃತರ ಹೆಸರಿನ ಬದಲು
ವಾರಸುದಾರರ ಹೆಸರು ಸೇರಿಸುವ ಕ್ರಮದಲ್ಲಿ;
ಬಸ್ಸಿನ ಸೀಟಿಗೆ ಟವೆಲ್ ಹಾಕಿದವನು
ಬಸ್ಸಿನ ಒಡೆಯನಾಗುವುದಿಲ್ಲ,
ಹಾಗೆಯೇ ಅಣ್ಣನೊಬ್ಬನ ಹೆಸರಿಗೆ ಖಾತೆಯಾದ ಮಾತ್ರಕ್ಕೆ
ತಂಗಿಯ ಪಾಲು ಕರಗುವುದಿಲ್ಲ.

ಪಾಲು ಬೇಡವೆನ್ನುವವರು ಹಕ್ಕು ಬಿಡುಗಡೆ ಪತ್ರವನ್ನೂ,
ಹಂಚಿಕೊಳ್ಳುವವರು ವಿಭಾಗ ಪತ್ರವನ್ನೂ
ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು;
ಒಮ್ಮತ ಮೂಡದಿದ್ದರೆ,
ವಾರಸುದಾರರಲ್ಲಿ ಯಾರೊಬ್ಬರಾದರೂ
ಸಿವಿಲ್ ನ್ಯಾಯಾಲಯದಲ್ಲಿ ಪಾಲಿನ ದಾವೆ ಹೂಡಬಹುದು,
ಅಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲರನ್ನೂ
ಪಕ್ಷಕಾರರನ್ನಾಗಿ ಸೇರಿಸಲೇಬೇಕಾಗುತ್ತದೆ.