ಗದ್ದಲ ಅಡಗಿಸುವ ಇಯರ್‌ಬಡ್ ಮತ್ತು ಮಂದವಾದ ಕಿವಿ

ವಯಸ್ಸಿನಿಂದಲೋ ಯಂತ್ರಗಳ ನಡುವಿನ ದುಡಿಮೆಯಿಂದಲೋ ಮಂದವಾಗುವ ಕಿವಿ ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ತಾರಧ್ವನಿಗಳನ್ನು, ಅಂದರೆ ಸೆಕೆಂಡಿಗೆ ಸಾವಿರಾರು ಬಾರಿ ಕಂಪಿಸುವ ಸದ್ದುಗಳನ್ನು; ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಹೆಚ್ಚಾಗಿ ಅಲ್ಲಿಯೇ ಇರುವುದರಿಂದ, ಸ್ವರಗಳು ಉಳಿದು ವ್ಯಂಜನಗಳು ಮಾಸಿ, ಎದುರಿನವರು ಅಂದದ್ದು ‘ಹತ್ತಿ’ಯೋ ‘ಹಕ್ಕಿ’ಯೋ ತಿಳಿಯದಾಗುತ್ತದೆ. ಬೆಳಗಾವಿ ಜಿಲ್ಲೆಯ ಐಗಳಿ, ಅಥಣಿಯ ಕಡೆಯ ಹಿರಿಯರು ‘ಕೇಳಸ್ತೈತಿ, ಖರೆ ತಿಳಿಯಂಗಿಲ್ಲ’ ಎನ್ನುವುದುಂಟು. ಶ್ರವಣವಿಜ್ಞಾನದ ಪುಟಗಟ್ಟಲೆ ವಿವರಣೆ ಆ ಎರಡು ತುಣುಕುಗಳಲ್ಲಿ ಅಡಗಿದೆ.

ಗದ್ದಲ ಅಡಗಿಸುವ ಇಯರ್‌ಬಡ್‌ನಲ್ಲಿ ಪುಟ್ಟ ಮೈಕು ಹೊರಗಿನ ಸದ್ದನ್ನು ಹಿಡಿಯುತ್ತದೆ, ಒಳಗಿನ ಚಿಪ್ ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸುತ್ತದೆ, ಉಬ್ಬು ತಗ್ಗುಗಳು ಒಂದನ್ನೊಂದು ತುಂಬಿಕೊಂಡು ಎರಡೂ ಬಹುಮಟ್ಟಿಗೆ ಅಳಿಯುತ್ತವೆ. ಈ ಉಪಾಯ ಚೆನ್ನಾಗಿ ನಡೆಯುವುದು ಒಂದೇ ಸಮನೆ ಮೊರೆಯುವ ಕೆಳದನಿಯ ಮೇಲೆ: ಕಬ್ಬಿನ ಹಂಗಾಮಿನ ಟ್ರ್ಯಾಕ್ಟರು, ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಬ್ಲೋವರು, ಬಸ್ಸಿನ ಎಂಜಿನ್ನು. ಕೆಳದನಿಯ ಗದ್ದಲವು ತನಗಿಂತ ಮೇಲಿನ ದನಿಗಳನ್ನೂ ಮುಚ್ಚಿಹಾಕುವ ಸ್ವಭಾವದ್ದಾದುದರಿಂದ, ಅದು ಅಡಗಿದರೆ ಫೋನಿನ ಮಾತು ಕಡಿಮೆ ವಾಲ್ಯೂಮಿನಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ, ಉಳಿದಿರುವ ಶ್ರವಣಶಕ್ತಿಯೂ ಅಷ್ಟರಮಟ್ಟಿಗೆ ಉಳಿಯುತ್ತದೆ. ಆದರೆ ಎದುರು ಕುಳಿತವರ ಮಾತನ್ನು ಅದು ಎತ್ತಿಕೊಡುವುದಿಲ್ಲ. ಕಿವಿಯ ರಂಧ್ರ ಮುಚ್ಚಿರುವುದರಿಂದ ಮೊದಲೇ ಮಾಸಿದ್ದ ವ್ಯಂಜನಗಳು ಇನ್ನಷ್ಟು ಮಾಸುವುದೇ ಹೆಚ್ಚು. ಮಾತು ಎತ್ತಿಕೊಡುವುದು ಶ್ರವಣಸಾಧನದ, ಅಂದರೆ ಜನ ‘ಕಿವಿ ಮಷಿನ್’ ಎನ್ನುವುದರ ಕೆಲಸ.

ಈ ಎರಡು ಕೆಲಸಗಳೂ ಒಂದೇ ಸಾಧನದಲ್ಲಿ ಸೇರತೊಡಗಿವೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಆ್ಯಪಲ್‌ನ ಏರ್‌ಪಾಡ್ಸ್ ಪ್ರೊ ಇಯರ್‌ಬಡ್ ಅನ್ನು ಅಲ್ಪದಿಂದ ಮಧ್ಯಮ ಪ್ರಮಾಣದ ಶ್ರವಣದೋಷವುಳ್ಳ ವಯಸ್ಕರ ಶ್ರವಣಸಾಧನವಾಗಿಸುವ ತಂತ್ರಾಂಶಕ್ಕೆ ಅನುಮತಿ ಕೊಟ್ಟಿತು. ಆ ಸೌಲಭ್ಯ ಭಾರತದಲ್ಲಿ ಆಗ ತೆರೆದಿರಲಿಲ್ಲವಾದ್ದರಿಂದ, ‘ಲಗ್ರಾಂಜ್ ಪಾಯಿಂಟ್’ ಎಂಬ ಬೆಂಗಳೂರಿನ ತಂತ್ರಜ್ಞರ ತಂಡ ತಮ್ಮಲ್ಲೊಬ್ಬರ ಅಜ್ಜಿಗಾಗಿ ಅಲ್ಯೂಮಿನಿಯಂ ಹಾಳೆ ಮತ್ತು ತಾಮ್ರದ ಜಾಲರಿಯಿಂದ, ಸ್ಥಳದ ಸುಳಿವು ಕೊಡುವ ಹೊರಗಿನ ವೈಫೈ ಸಂಕೇತಗಳು ನುಸುಳದಂಥ ಪೆಟ್ಟಿಗೆ ಮಾಡಿ, ಇಯರ್‌ಬಡ್‌ಗೆ ಜೋಡಿಸಿದ ಸಾಧನವು ಕ್ಯಾಲಿಫೋರ್ನಿಯಾದಲ್ಲಿದೆಯೆಂದು ಅದನ್ನೇ ನಂಬಿಸಿ ಬೀಗ ತೆಗೆಯಿತು. ಜಾಣತನ ಮೆಚ್ಚತಕ್ಕದ್ದೇ, ಅಜ್ಜಿಯ ಕಿವಿಗೆ ಅಮೆರಿಕದ ವಿಳಾಸ ಬೇಕಾದದ್ದು ಮಾತ್ರ ವಿಚಿತ್ರ.

ಅಥಣಿ, ಕಾಗವಾಡದ ಜನ ಚಿಕಿತ್ಸೆಗೆ ಬೆಳಗಾವಿಗೋ ಮಿರಜಿಗೋ ಹೋಗುವ ರೂಢಿಯಿದೆ. ಇಯರ್‌ಬಡ್ ಕೊಳ್ಳುವ ಮೊದಲು ಅಲ್ಲಿ ವೈದ್ಯರಿಗೆ ಕಿವಿ ತೋರಿಸಿ ಆಡಿಯೋಗ್ರಾಂ, ಅಂದರೆ ಯಾವ ದನಿ ಎಷ್ಟು ಜೋರಾದಾಗ ಕೇಳುತ್ತದೆಂಬ ನಕ್ಷೆ, ಮಾಡಿಸಿಕೊಳ್ಳುವುದು ಒಳಿತು, ಏಕೆಂದರೆ ಮೇಣ ಕಟ್ಟಿದ ಕಿವಿ ಸ್ವಚ್ಛಗೊಳಿಸಿದೊಡನೆ ತೆರೆದುಕೊಳ್ಳಬಹುದು, ಸೋರುವ ಕಿವಿಗೆ ಇಯರ್‌ಬಡ್ ತುರುಕಿದರೆ ಸೋಂಕು ಬಲಿಯಬಹುದು. ಇನ್ನು, ಎರಡೆರಡು ಟ್ರೇಲರ್ ಕಬ್ಬು ಎಳೆದುಕೊಂಡು ಬರುವ ಟ್ರ್ಯಾಕ್ಟರಿನ ರಸ್ತೆಯಲ್ಲಿ ನಡೆಯುವಾಗ, ಮೋಟರ್‌ಸೈಕಲ್ ಓಡಿಸುವಾಗ, ಇಯರ್‌ಬಡ್ ಜೇಬಿನಲ್ಲಿರತಕ್ಕದ್ದು.